ಅಪಕರ್ಷಣದ ಉತ್ಕರ್ಷ

ಮನುಷ್ಯರಿಗಿರುವಂತೆ ಶಬ್ದಗಳಿಗೂ ಒಂದೊಂದು ಹಣೆಬರಹವಿರುತ್ತದೆ. ಒಂದೇ ಧಾತುವಿನಿಂದ ಹುಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬನು ಪಲ್ಲಕ್ಕಿಯೇರುತ್ತಾನೆ. ಇನ್ನೊಬ್ಬನು ಅದನ್ನು ಹೊರುತ್ತಾನೆ. ಸಂಸ್ಕೃತದ ‘ಕೃಷ್’ ಎಂಬ ಧಾತುವಿಗೆ ಎಳೆ ಎಂದು ಅರ್ಥ. ನೇಗಿಲನ್ನೆಳೆದು ನೆಲವನ್ನು ಸೀಳುವುದರಿಂದ ಅದು ‘ಕೃಷಿ’; ಮನಸ್ಸನ್ನು ತನ್ನೆಡೆಗೆ ಎಳೆದುಕೊಳ್ಳುವುದರಿಂದ ‘ಆಕರ್ಷಣ’; ಮೇಲಕ್ಕೆಳೆದರೆ ‘ಉತ್ಕರ್ಷ’; ದೂರಕ್ಕೋ ಕೆಳಕ್ಕೋ ಎಳೆದರೆ ‘ಅಪಕರ್ಷ’. ಗುಣವು ಕಾವ್ಯದ ಉತ್ಕರ್ಷಕ್ಕೆ ಹೇತು, ದೋಷವು ಅದರ ಅಪಕರ್ಷಕ್ಕೆ ಹೇತು ಎಂದು ಅಲಂಕಾರಶಾಸ್ತ್ರವನ್ನು ಓದಿದವರೆಲ್ಲ ಬಲ್ಲರು. ಹೀಗೆ ಸಾಹಿತ್ಯದ ಪೀಠದಲ್ಲಿ ಉತ್ಕರ್ಷಕ್ಕೆ ಆರತಿ, ಅಪಕರ್ಷಕ್ಕೆ ಅನಾದರ ಎಂಬುದು ನಿಶ್ಚಿತವಾಗಿ ಹೋಗಿದೆ.

ಆದರೆ ಪ್ರೌಢಶಾಲೆಯ ರಸಾಯನಶಾಸ್ತ್ರದ ಪುಸ್ತಕವನ್ನು ತೆರೆದರೆ ಈ ಎರಡು ಶಬ್ದಗಳ ಭಾಗ್ಯ ಅದಲುಬದಲಾಗಿರುವುದು ಕಾಣುತ್ತದೆ. ಅಲ್ಲಿ ಲೋಹವು ಆಮ್ಲಜನಕದೊಡನೆ ಕೂಡಿ ತುಕ್ಕಾಗುವುದಕ್ಕೆ ‘ಉತ್ಕರ್ಷಣ’ವೆಂದು ಹೆಸರು, ತುಕ್ಕಿನಲ್ಲಿ ಸೇರಿಕೊಂಡ ಆಮ್ಲಜನಕವನ್ನು ಎಳೆದು ತೆಗೆದು ಲೋಹವನ್ನು ಮತ್ತೆ ಲೋಹವಾಗಿಸುವುದಕ್ಕೆ ‘ಅಪಕರ್ಷಣ’ವೆಂದು ಹೆಸರು. ಕಿತ್ತೂರು ನಾಡಿನ ಯಾವುದೇ ಶಾಲೆಯ ಚುರುಕು ಹುಡುಗನು ಇಲ್ಲಿ ತಡೆದು ನಿಲ್ಲುವುದು ಸಹಜ. “ಸರ, ಕೋಟಿ ಒಳಗಿನ ಕತ್ತಿಗೆ ತುಕ್ಕು ಹಿಡದ್ರ ಅದು ಉತ್ಕರ್ಷ ಹೆಂಗಾದೀತ್ರಿ? ತುಕ್ಕು ಹೋಗಿ ಹೊಳದ್ರ ಅಪಕರ್ಷ ಹೆಂಗ್ರಿ?” ಎಂದು ಅವನು ಕೇಳಿದರೆ ಅದನ್ನು ಅಧಿಕಪ್ರಸಂಗವೆಂದು ಗದರಿಸುವಂತಿಲ್ಲ. “ಕೂಡು ತಮ್ಮಾ, ಛಲೋ ಕೇಳಿದಿ” ಎಂದು ಅವನ ಬೆನ್ನು ತಟ್ಟಿ, ಶಬ್ದದ ಬೇರನ್ನು ಬಿಡಿಸಿ ತೋರಿಸುವುದೇ ಗುರುವಿನ ಧರ್ಮ. ಇಲ್ಲಿ ‘ಅಪ’ ಎಂಬ ಉಪಸರ್ಗಕ್ಕೆ ಕೀಳು ಎಂಬ ಅರ್ಥವಲ್ಲ, ದೂರ ಎಂಬ ಅರ್ಥ. ಅಪಹರಣದಲ್ಲಿರುವ ‘ಅಪ’ವೇ ಇದು. ಬೇಡವಾದುದನ್ನು ಎಳೆದೊಯ್ಯುವುದೇ ಅಪಕರ್ಷಣ. ಇಂಗ್ಲಿಷಿನ ‘ರಿಡಕ್ಷನ್’ ಎಂಬ ಶಬ್ದಕ್ಕೂ ಲ್ಯಾಟಿನ್ ಮೂಲದಲ್ಲಿ ‘ಹಿಂದಕ್ಕೆ ಕರೆತರುವುದು’ ಎಂದೇ ಅರ್ಥ. ಅದಿರಿನಲ್ಲಿ ಮರೆಯಾಗಿದ್ದ ಲೋಹವನ್ನು ಅದರ ಸ್ವರೂಪಕ್ಕೆ ಕರೆತರುವ ಕ್ರಿಯೆಯದು.

ಈ ಕ್ರಿಯೆಯನ್ನು ನಮ್ಮ ಹಿರಿಯರು ಪುಸ್ತಕದಲ್ಲಿ ಓದಿ ಅರಿತವರಲ್ಲ. ಓಣಿಯಲ್ಲಿ ಕಂಡು ಅರಿತವರು. ಬೈಲಹೊಂಗಲದ ಪೇಟೆಯಲ್ಲಿ, ಸವದತ್ತಿಯ ಕೇರಿಗಳಲ್ಲಿ, ರಾಮದುರ್ಗದ ನೇಕಾರರ ಓಣಿಗಳಲ್ಲಿ ಒಂದು ಕಾಲಕ್ಕೆ ಕಲಾಯಿಗಾರನ ಕೂಗು ಕೇಳದ ತಿಂಗಳಿರಲಿಲ್ಲ. ನೆಲದಲ್ಲಿ ಕುಣಿ ತೋಡಿ, ತಿದಿಯೊತ್ತಿ, ಕೆಂಡ ಮಾಡಿ, ಕಪ್ಪಿಟ್ಟ ತಾಮ್ರದ ತಪೇಲಿಯನ್ನು ಅದರ ಮೇಲಿಟ್ಟು, ಅದು ಕಾದೊಡನೆ ಒಂದು ಚಿಟಿಕೆ ನವಸಾಗರದ ಪುಡಿಯನ್ನು ಎರಚುತ್ತಿದ್ದನು. ಬುಸ್ಸೆಂದು ಬಿಳಿಯ ಹೊಗೆಯೇಳುತ್ತಿತ್ತು. ಅರಳೆಯಿಂದ ಒರೆಸುತ್ತಿದ್ದಂತೆ ಕಪ್ಪು ಮಾಯವಾಗಿ ಕೆಂದಾಮ್ರ ಹೊಳೆಯುತ್ತಿತ್ತು. ಆ ಮೇಲೆಯೇ ತವರವು ಅದರ ಮೈಗೆ ಅಂಟುತ್ತಿತ್ತು. ಆ ಕಪ್ಪೆಂಬುದು ತಾಮ್ರದ ಆಕ್ಸೈಡು. ನವಸಾಗರವೆಂಬುದು ಅಮೋನಿಯಂ ಕ್ಲೋರೈಡು. ಶಾಖದಲ್ಲಿ ಅದು ಆಕ್ಸೈಡಿನ ಒಂದು ಪಾಲನ್ನು ಕ್ಲೋರೈಡಾಗಿ ಕಳಚುತ್ತದೆ. ಉಳಿದ ಪಾಲಿನ ಆಮ್ಲಜನಕವನ್ನು ನೀರಾವಿಯ ರೂಪದಲ್ಲಿ ಎಳೆದೊಯ್ದು ತಾಮ್ರವನ್ನು ತಾಮ್ರವಾಗಿಯೇ ಉಳಿಸುತ್ತದೆ. ಸ್ಟೀಲಿನ ಪಾತ್ರೆಗಳು ಮನೆ ತುಂಬಿದ ಮೇಲೆ ಕಲಾಯಿಗಾರನು ಅಪರೂಪವಾದನು; ಆದರೆ ಅವನು ಬೀದಿಯಲ್ಲಿ ಮಾಡಿ ತೋರಿಸುತ್ತಿದ್ದ ಅಪಕರ್ಷಣವೇ ಇಂದಿಗೂ ಜಗತ್ತಿನ ಮಹಾಯಂತ್ರಾಗಾರಗಳ ಒಡಲಿನಲ್ಲಿ ನಡೆದಿದೆ.

ಹೇಗೆಂದರೆ, ಕಾರ್ಖಾನೆಗಳಲ್ಲಿ ಒಂದು ವಸ್ತುವನ್ನು ಮತ್ತೊಂದಾಗಿ ಮಾರ್ಪಡಿಸುವ ಕೆಲಸ ಬಹಳಷ್ಟು ಕ್ರಿಯಾವರ್ಧಕಗಳಿಂದ ಆಗುತ್ತದೆ. ಹಾಲಿಗೆ ಹೆಪ್ಪಿನಂತೆ ಇದು ಎಂದು ಹೇಳುವುದು ರೂಢಿಯಾದರೂ ಒಂದು ಭೇದವನ್ನು ಮರೆಯಬಾರದು; ಹೆಪ್ಪು ಹಾಲಿನಲ್ಲಿ ಕರಗಿ ತಾನೂ ಮೊಸರಾಗುತ್ತದೆ, ಕ್ರಿಯಾವರ್ಧಕವು ಕೆಲಸವನ್ನು ಮಾಡಿಸಿ ತಾನು ತಾನಾಗಿಯೇ ಉಳಿಯುತ್ತದೆ. ಇಂಥ ಕ್ರಿಯಾವರ್ಧಕಗಳಲ್ಲಿ ಕಬ್ಬಿಣ, ನಿಕ್ಕಲ್, ಕೋಬಾಲ್ಟ್, ತಾಮ್ರಗಳು ಮುಖ್ಯವಾದವು. ಅವನ್ನು ಸಿದ್ಧಪಡಿಸುವಾಗ ಮೊದಲು ದೊರೆಯುವುದು ಆಕ್ಸೈಡಿನ ರೂಪ. ಅದರ ಮೇಲೆ ಬಿಸಿಯಾದ ಜಲಜನಕವನ್ನು ಹಾಯಿಸಿ ಆಮ್ಲಜನಕವನ್ನು ನೀರಾವಿಯಾಗಿಸಿ ಹೊರಗಟ್ಟಿದಾಗಲೇ ಅದು ಕೆಲಸಕ್ಕೆ ಬರುವ ಲೋಹವಾಗುತ್ತದೆ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇದು ಲೋಪಸಂಧಿ. ‘ಊರು’ ‘ಅಲ್ಲಿ’ಯೊಡನೆ ಕೂಡುವಾಗ ಉಕಾರವು ಲೋಪವಾಗಿ ‘ಊರಲ್ಲಿ’ ಆಗುವಂತೆ, ಆಕ್ಸೈಡಿನಿಂದ ಆಮ್ಲಜನಕವು ಲೋಪವಾದಾಗ ಲೋಹವೆಂಬ ಪದ ಸಿದ್ಧಿಸುತ್ತದೆ. ಲೋಪವೆಂದರೆ ನಷ್ಟವಲ್ಲ, ಪದಸಿದ್ಧಿಯ ಒಂದು ಮಾರ್ಗ ಎಂಬುದನ್ನು ವೈಯಾಕರಣರಿಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ಎಲ್ಲ ಆಕ್ಸೈಡುಗಳೂ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕೆಲವು ಉದಾರಿಗಳು, ಕೆಲವು ಕಡುಲೋಭಿಗಳು. ಲೋಭಿಯನ್ನು ಒಲಿಸಲು ಶಾಖವನ್ನು ಹೆಚ್ಚಿಸಿದರೆ ಇನ್ನೊಂದು ಅನರ್ಥ ಸಂಭವಿಸುತ್ತದೆ. ಹುಟ್ಟಿದ ಲೋಹದ ಸಣ್ಣ ಕಣಗಳು ಒಂದಕ್ಕೊಂದು ಬೆಸೆದು ಗಡ್ಡೆಗಟ್ಟುತ್ತವೆ. ಕ್ರಿಯಾವರ್ಧಕದ ಕೆಲಸವೆಲ್ಲ ನಡೆಯುವುದು ಅದರ ಮೇಲ್ಮೈಯಲ್ಲಿ. ಗಡ್ಡೆಯಾದರೆ ಮೇಲ್ಮೈ ಕುಗ್ಗುತ್ತದೆ, ಕೆಲಸವೂ ಕುಗ್ಗುತ್ತದೆ. ಬೆಲ್ಲದ ಪಾಕ ನೋಡುವವನ ಸಂಕಟವೇ ಇಲ್ಲಿಯೂ ಉಂಟು. ಉರಿ ಕಡಿಮೆಯಾದರೆ ಪಾಕ ಬರದು, ಹೆಚ್ಚಾದರೆ ಸೀದು ಹೋದೀತು. ಈ ಸಂಕಟದಲ್ಲಿ ನೆರವಿಗೆ ಬರುವುದು ಸ್ವಲ್ಪವೇ ಸ್ವಲ್ಪವಾಗಿ ಬೆರೆಸಿದ ಮತ್ತೊಂದು ಲೋಹ ಅಥವಾ ಅದರ ಆಕ್ಸೈಡು. ‘ಮನೆ’ ‘ಅಲ್ಲಿ’ ಎಂಬೆರಡರ ನಡುವೆ ಯಕಾರವೊಂದು ಆಗಮವಾಗಿ ಬಂದು ‘ಮನೆಯಲ್ಲಿ’ ಎಂದು ನಾಲಗೆಗೆ ಹಿತವಾಗಿಸುವಂತೆ, ಈ ಹೊಸ ಲೋಹವು ನಡುವೆ ಬಂದು ಕಾರ್ಯವನ್ನು ಹದಗೊಳಿಸುತ್ತದೆ. ಲೋಪಕ್ಕೆ ಆಗಮದ ನೆರವು!

ಈ ಆಗಮದ ಮಹಿಮೆ ಜಗತ್ತಿಗೆ ತಿಳಿದ ಕಥೆ ಸ್ವಾರಸ್ಯವಾದುದು. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಎಂಬ ವಿಜ್ಞಾನಿಯು ಗಾಳಿಯ ಸಾರಜನಕವನ್ನೂ ಜಲಜನಕವನ್ನೂ ಕೂಡಿಸಿ ಅಮೋನಿಯವನ್ನು ಮಾಡಿ ತೋರಿಸಿದನು. ಆದರೆ ಅವನು ಬಳಸಿದ ಆಸ್ಮಿಯಂ ಎಂಬ ಲೋಹ ಭೂಮಿಯಲ್ಲಿ ಬಹು ವಿರಳ. ಅಗ್ಗವಾದ ಬದಲಿಯನ್ನು ಹುಡುಕುವ ಭಾರ ಬಿ.ಎ.ಎಸ್.ಎಫ್. ಕಂಪನಿಯ ಆಲ್ವಿನ್ ಮಿಟ್ಟಾಷನ ಮೇಲೆ ಬಿದ್ದಿತು. ಅವನೂ ಅವನ ಸಹಾಯಕರೂ ಸಾವಿರಾರು ಬಗೆಯ ಮಿಶ್ರಣಗಳನ್ನು ಪರೀಕ್ಷಿಸಿದರು. ಶುದ್ಧ ಕಬ್ಬಿಣವು ಕೆಲಸಕ್ಕೆ ಬಾರದೆ ಹೋಯಿತು. ಸ್ವೀಡನ್ ದೇಶದ ಗಣಿಯಿಂದ ಬಂದ ಒಂದು ಕಬ್ಬಿಣದ ಅದಿರು ಮಾತ್ರ ಎಲ್ಲರೂ ಬೆರಗಾಗುವಂತೆ ಕೆಲಸ ಮಾಡಿತು. ಕಾರಣವನ್ನು ಶೋಧಿಸಿದಾಗ ಆ ಅದಿರಿನಲ್ಲಿದ್ದ ‘ಕಲ್ಮಷ’ಗಳೇ ಅದರ ಬಲವೆಂದು ತಿಳಿಯಿತು. ಅಲ್ಯೂಮಿನ, ಪೊಟ್ಯಾಷ್ ಮೊದಲಾದವನ್ನು ನೂರರಲ್ಲಿ ಕೆಲವೇ ಪಾಲು ಬೆರೆಸಿದ ಕಬ್ಬಿಣದ ಆಕ್ಸೈಡು ಕ್ರಿಯಾವರ್ಧಕವಾಗಿ ನಿಂತಿತು. 1913ರಲ್ಲಿ ಓಪಾವು ಎಂಬಲ್ಲಿ ಮೊದಲ ಕಾರ್ಖಾನೆ ನಡೆಯತೊಡಗಿತು. ಅಂದಿನ ಆ ಸೂತ್ರವು ಸಣ್ಣಪುಟ್ಟ ಮಾರ್ಪಾಡುಗಳೊಡನೆ ಇಂದಿಗೂ ಲೋಕದಲ್ಲಿ ನಡೆದುಬಂದಿದೆ.

ಇಲ್ಲಿ ಸೂಕ್ಷ್ಮವಾಗಿ ಗಮನಿಸಬೇಕಾದುದೊಂದುಂಟು. ಅಲ್ಯೂಮಿನವು ಅಪಕರ್ಷಣವನ್ನು ಬೇಗಗೊಳಿಸುವ ವಸ್ತುವಲ್ಲ. ಅದು ತಡೆದು ನಿಲ್ಲಿಸುವ ವಸ್ತು. ಕಬ್ಬಿಣದ ಆಕ್ಸೈಡಿನ ಆಮ್ಲಜನಕವೆಲ್ಲ ಹೋದರೂ ಅಲ್ಯೂಮಿನವು ತನ್ನದನ್ನು ಬಿಡುವುದಿಲ್ಲ. ಕಬ್ಬಿಣದ ಕಣಕಣಗಳ ನಡುವೆ ಗೋಡೆಯಂತೆ ನಿಂತು ಅವು ಬೆಸೆಯದಂತೆ ಕಾಯುತ್ತದೆ. ಅದರಿಂದ ಕೆಲಸ ನಿಧಾನವಾಗುತ್ತದೆ, ಆದರೆ ಬಾಳಿಕೆ ಬರುತ್ತದೆ. ಹೊರಬೀಳುವ ನೀರಾವಿಯೂ ಆಗತಾನೆ ಹುಟ್ಟಿದ ಕಬ್ಬಿಣಕ್ಕೆ ಹಗೆ. ಆದುದರಿಂದ ಕಾರ್ಖಾನೆಯವರು ಈ ಅಪಕರ್ಷಣವನ್ನು ದಿನಗಟ್ಟಲೆ ತಾಳ್ಮೆಯಿಂದ ನಡೆಸುತ್ತಾರೆ. ಹೀಗೆ ಸಿದ್ಧವಾದ ಕಬ್ಬಿಣ ಎಷ್ಟು ಸೂಕ್ಷ್ಮವೆಂದರೆ, ಬಯಲ ಗಾಳಿ ತಾಕಿದರೆ ತಾನೇ ತಾನಾಗಿ ಕೆಂಡವಾಗುತ್ತದೆ. ಇನ್ನು ಪೊಟ್ಯಾಷಿನ ಕೆಲಸ ಬೇರೆ ತೆರನಾದುದು. ಬಿಗಿದಪ್ಪಿಕೊಂಡಿರುವ ಸಾರಜನಕದ ಜೋಡಿಯನ್ನು ಬಿಡಿಸಲು ಅದು ಕಬ್ಬಿಣಕ್ಕೆ ಬಲ ತುಂಬುತ್ತದೆ. ಅಮೋನಿಯವು ಕಬ್ಬಿಣದ ಮೈಮೇಲೆ ಹೆಜ್ಜೆಹೆಜ್ಜೆಯಾಗಿ ಹುಟ್ಟುವ ಬಗೆಯನ್ನು ಬಿಡಿಸಿ ತೋರಿಸಿದ ಗೆರ್ಹಾರ್ಡ್ ಎರ್ಟ್ಲ್ ಎಂಬ ವಿದ್ವಾಂಸನಿಗೆ 2007ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ದೂರದ ಜರ್ಮನಿಯ ಈ ಕಥೆ ಮಲಪ್ರಭೆಯ ದಂಡೆಗೆ ಸಂಬಂಧಪಟ್ಟುದಲ್ಲವೆಂದು ಯಾರೂ ಭಾವಿಸಲಾಗದು. ಬೈಲಹೊಂಗಲದ ಎರೆಭೂಮಿಯ ಹತ್ತಿಗೆ, ಎಂ. ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿಗೆ, ನವಿಲುತೀರ್ಥದ ಅಣೆಕಟ್ಟಿನ ಕಾಲುವೆಯ ಕೆಳಗಿನ ಗೋವಿನಜೋಳಕ್ಕೆ ರೈತನು ಚೆಲ್ಲುವ ಯೂರಿಯಾದ ಒಂದೊಂದು ಹರಳೂ ಇಂಥ ಕಬ್ಬಿಣದ ಮೈಮೇಲೆ ಹುಟ್ಟಿದ ಅಮೋನಿಯದ ಮಗುವೇ ಆಗಿದೆ. ಮಂಗಳೂರಿನ ಬಳಿ ಪಣಂಬೂರಿನ ರಸಗೊಬ್ಬರದ ಕಾರ್ಖಾನೆಯು 1976ರಲ್ಲಿ ಉತ್ಪಾದನೆಯನ್ನು ಆರಂಭಿಸಿದಾಗ ಕನ್ನಡ ನಾಡಿಗೂ ಈ ವಿದ್ಯೆ ಬಂದಿತು. ‘ಅಪಕರ್ಷಣ’ದಿಂದ ‘ಕೃಷಿ’ಗೆ! ಒಂದೇ ಧಾತುವಿನಿಂದ ಅಗಲಿದ ಅಣ್ಣತಮ್ಮಂದಿರು ಹೊಲದ ಬದುವಿನ ಮೇಲೆ ಮತ್ತೆ ಭೇಟಿಯಾದರು. ಇದು ಕೋಶಗಳನ್ನು ರಚಿಸಿದವರು ಎಣಿಸಿರದ ಸಂಧಿ.

ತಡೆಯುವ ಸಹಾಯಕನನ್ನು ಕಂಡದ್ದಾಯಿತು. ಇನ್ನು ಮುನ್ನಡೆಸುವ ಸಹಾಯಕನನ್ನು ನೋಡಬೇಕು. ತಾಮ್ರದ ಆಕ್ಸೈಡು ಆಮ್ಲಜನಕವನ್ನು ಬೇಗ ಬಿಡುತ್ತದೆ. ನಿಕ್ಕಲ್, ಕೋಬಾಲ್ಟ್, ಕಬ್ಬಿಣಗಳವು ಹೆಚ್ಚು ಶಾಖವನ್ನು ಬೇಡುತ್ತವೆ. ಆದರೆ ಅವುಗಳೊಡನೆ ಸ್ವಲ್ಪ ತಾಮ್ರವನ್ನೋ, ಇನ್ನೂ ಸ್ವಲ್ಪವಾಗಿ ಪ್ಲಾಟಿನಂ, ಪಲ್ಲಾಡಿಯಂ, ರುಥೇನಿಯಂಗಳಂಥ ಬೆಲೆಬಾಳುವ ಲೋಹವನ್ನೋ ಬೆರೆಸಿದರೆ ಅವೂ ಕಡಿಮೆ ಶಾಖದಲ್ಲಿಯೇ ಒಲಿಯುತ್ತವೆ. ಇದರ ಗುಟ್ಟು ಹೀಗಿದೆ. ಬೆರೆಸಿದ ಲೋಹವು ಮೊದಲು ತಾನು ಅಪಕರ್ಷಣಗೊಂಡು ಶುದ್ಧ ಲೋಹವಾಗುತ್ತದೆ. ಜಲಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಕೈಹಿಡಿದುಕೊಂಡಿರುತ್ತವೆ; ಅವನ್ನು ಬಿಡಿಸುವುದೇ ಕಷ್ಟದ ಕೆಲಸ. ಆ ಲೋಹವು ಅವುಗಳ ಕೈಬಿಡಿಸಿ ಒಂಟಿಯಾಗಿಸುತ್ತದೆ. ಒಂಟಿ ಪರಮಾಣುಗಳು ಲೋಹದ ಅಂಚಿನಿಂದ ನೆರೆಯ ಆಕ್ಸೈಡಿನ ಮೇಲೆ ಹರಿದುಹೋಗಿ ಅದರ ಆಮ್ಲಜನಕವನ್ನು ಎಳೆದೊಯ್ಯುತ್ತವೆ. ಕೊಡ ತುಂಬಿ ನೀರು ತುಳುಕಿ ಅಕ್ಕಪಕ್ಕದ ನೆಲ ನೆನೆಯುವಂತಹ ಈ ವ್ಯಾಪಾರವು 1964ರಲ್ಲಿ ಕಣ್ಣಿಗೆ ಕಾಣುವಂತೆ ಸಿದ್ಧವಾಯಿತು. ಟಂಗ್‌ಸ್ಟನ್ನಿನ ಹಳದಿಯ ಆಕ್ಸೈಡಿನ ಮೇಲೆ ಜಲಜನಕವನ್ನು ಕೋಣೆಯ ಶಾಖದಲ್ಲಿ ಹಾಯಿಸಿದರೆ ಏನೂ ಆಗುವುದಿಲ್ಲ. ಅದರೊಡನೆ ಪ್ಲಾಟಿನಂ ಹೊತ್ತ ಅಲ್ಯೂಮಿನದ ಪುಡಿಯನ್ನು ಬೆರೆಸಿ ಹಾಯಿಸಿದರೆ ಆ ಹಳದಿಯು ನೀಲಿಯಾಗಿ ತಿರುಗಿತು. ಪ್ಲಾಟಿನಂ ಇದ್ದದ್ದು ಬೇರೆ ಕಣದಲ್ಲಿ, ಬಣ್ಣ ಬದಲಾದದ್ದು ಬೇರೆ ಕಣದಲ್ಲಿ!

ಇಂಥ ಸಹಾಯಕನು ಎಷ್ಟು ನೆರವಾದನೆಂದು ಅಳೆಯುವ ವಿಧಾನವೂ ಸೊಗಸಾದುದು. ಒಂದು ಚಿಟಿಕೆ ಆಕ್ಸೈಡನ್ನು ಕೊಳವೆಯಲ್ಲಿಟ್ಟು, ಅದರ ಮೇಲೆ ಜಲಜನಕ ಬೆರೆತ ಅನಿಲವನ್ನು ಹಾಯಿಸುತ್ತ, ನಿಮಿಷಕ್ಕೆ ಇಷ್ಟೇ ಡಿಗ್ರಿಯೆಂಬ ನೇಮದಿಂದ ಕಾಯಿಸುತ್ತ ಹೋಗಬೇಕು. ಯಾವ ಶಾಖದಲ್ಲಿ ಎಷ್ಟು ಜಲಜನಕ ಖರ್ಚಾಯಿತೆಂಬುದನ್ನು ಉಪಕರಣವು ಗೆರೆಯಾಗಿ ಬರೆಯುತ್ತದೆ. ಗೆರೆಯು ಬೆಟ್ಟದಂತೆ ಏರಿದ ಎಡೆಯೇ ಆಕ್ಸೈಡು ಆಮ್ಲಜನಕವನ್ನು ಬಿಟ್ಟ ಎಡೆ. 1975ರಲ್ಲಿ ತಾಮ್ರ ಮತ್ತು ನಿಕ್ಕಲ್‌ಗಳ ಜೋಡಿಯನ್ನು ಈ ವಿಧಾನದಿಂದ ಪರೀಕ್ಷಿಸಿದ ಮೇಲೆ ಇದು ಕ್ರಿಯಾವರ್ಧಕ ಪಂಡಿತರ ನಿತ್ಯದ ಒರೆಗಲ್ಲಾಯಿತು. ಸಹಾಯಕ ಲೋಹವನ್ನು ಬೆರೆಸಿದೊಡನೆ ಆ ಬೆಟ್ಟವು ಬಿಸಿಯ ಕಡೆಯಿಂದ ತಂಪಿನ ಕಡೆಗೆ ಸರಿಯುವುದನ್ನು ಕಾಣಬಹುದು.

ಈ ವಿದ್ಯೆಗೆ ಕನ್ನಡ ನಾಡಿನ ಕೊಡುಗೆ ಕಿರಿದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರಿಂದ 1948ರವರೆಗೆ ನಿರ್ದೇಶಕರಾಗಿದ್ದ ಜ್ಞಾನಚಂದ್ರ ಘೋಷರು ಕಲ್ಲಿದ್ದಲಿನ ಅನಿಲದಿಂದ ತೈಲವನ್ನು ಮಾಡುವ ಕೋಬಾಲ್ಟ್ ಮೊದಲಾದ ಕ್ರಿಯಾವರ್ಧಕಗಳ ಸಂಶೋಧನೆಗೆ ಅಲ್ಲಿ ನೆಲೆ ಮಾಡಿಕೊಟ್ಟರು. ಅದೇ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲರು ಆಕ್ಸೈಡುಗಳನ್ನು ಸಿದ್ಧಗೊಳಿಸುವ ಒಂದು ಹೊಸ ಮಾರ್ಗವನ್ನು ತೋರಿದರು. ಅಲ್ಯೂಮಿನಿಯಂ ನೈಟ್ರೇಟು ಮತ್ತು ಯೂರಿಯಾಗಳ ದ್ರಾವಣವನ್ನು 500 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿಟ್ಟಾಗ ಅದು ನೊರೆಯಾಗಿ ಉಕ್ಕಿ, ಜ್ವಾಲೆಯಾಗಿ ಹೊತ್ತಿ, ಕೆಲವೇ ನಿಮಿಷಗಳಲ್ಲಿ ಹತ್ತಿಯಷ್ಟು ಹಗುರವಾದ ಅಲ್ಯೂಮಿನ ಉಳಿಯಿತು. ಇದು ಪ್ರಕಟವಾದದ್ದು 1988ರಲ್ಲಿ. ಹೊಲಕ್ಕೆ ಚೆಲ್ಲುವ ಯೂರಿಯಾವೇ ಇಲ್ಲಿ ಇಂಧನವಾದದ್ದು ವಿಶೇಷ.

ಇದೇ ದಹನಮಾರ್ಗವನ್ನು ಹಿಡಿದು ಪ್ರೊ. ಎಂ. ಎಸ್. ಹೆಗ್ಡೆಯವರೂ ಅವರ ಸಂಗಡಿಗರೂ ಸೀರಿಯಂ ಎಂಬ ಲೋಹದ ಆಕ್ಸೈಡಿನಲ್ಲಿ ಪ್ಲಾಟಿನಂ, ಪಲ್ಲಾಡಿಯಂಗಳನ್ನು ಅಡಗಿಸಿದರು. ಹಿಂದಿನವರು ಬೆಲೆಬಾಳುವ ಲೋಹದ ಕಣಗಳನ್ನು ಆಕ್ಸೈಡಿನ ಮೇಲೆ ಅಂಟಿಸುತ್ತಿದ್ದರು. ಇವರು ಆಕ್ಸೈಡಿನ ಚೌಕಟ್ಟಿನ ಒಳಗೇ ನೂರು ಸೀರಿಯಂ ಅಯಾನುಗಳಲ್ಲಿ ಒಂದೆರಡನ್ನು ತೆಗೆದು ಆ ಎಡೆಯಲ್ಲಿ ಪ್ಲಾಟಿನಂ ಅಥವಾ ಪಲ್ಲಾಡಿಯಂ ಅಯಾನನ್ನು ಕೂಡಿಸಿದರು. ‘ಬೆಟ್ಟ’ ‘ತಾವರೆ’ಗಳು ಕೂಡಿದಾಗ ತಕಾರದ ಎಡೆಯಲ್ಲಿ ದಕಾರವು ಬಂದು ‘ಬೆಟ್ಟದಾವರೆ’ ಆಗುವಂತೆ ಇದು ಆದೇಶಸಂಧಿ. ಸಾದಾ ಸೀರಿಯಂ ಆಕ್ಸೈಡಿನ ಮೇಲ್ಮೈಯ ಆಮ್ಲಜನಕವನ್ನು ಎಳೆಯಲು ಸುಮಾರು 500 ಡಿಗ್ರಿ ಶಾಖ ಬೇಕು. ಆದೇಶ ಮಾಡಿದ ಆಕ್ಸೈಡು ಅದನ್ನು 200 ಡಿಗ್ರಿಗಿಂತ ಕೆಳಗೇ ಬಿಡುತ್ತದೆ. ಈ ಕಾರ್ಯವನ್ನು ಹೆಗ್ಡೆ, ಗಿರಿಧರ್ ಮದ್ರಾಸ್ ಹಾಗೂ ಪಾಟೀಲರು 2009ರಲ್ಲಿ ಸಮಗ್ರವಾಗಿ ನಿರೂಪಿಸಿದರು. ಲೋಪ, ಆಗಮ, ಆದೇಶಗಳೆಂಬ ಮೂರು ಮಾರ್ಗಗಳೂ ಹೀಗೆ ರಸಾಯನಶಾಸ್ತ್ರದಲ್ಲಿ ಸಿದ್ಧಿಸಿದವು.

ಇದರ ಪ್ರಯೋಜನವೇನೆಂದು ಕೇಳುವವರು ಕಿತ್ತೂರಿನ ಬಳಿಯ ಹೆದ್ದಾರಿಯ ಅಂಚಿನಲ್ಲಿ ಒಂದು ಗಳಿಗೆ ನಿಂತರೆ ಸಾಕು. ಧಾರವಾಡ-ಬೆಳಗಾವಿಗಳ ನಡುವೆ ಹಗಲಿರುಳೂ ಓಡುವ ಪೆಟ್ರೋಲ್ ಕಾರುಗಳ ಹೊಗೆಕೊಳವೆಯೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳನ್ನು ಹೊತ್ತ ಸೀರಿಯಂ ಆಕ್ಸೈಡಿನ ಲೇಪವಿರುತ್ತದೆ. ಹೊಗೆಯಲ್ಲಿ ಆಮ್ಲಜನಕ ಕಡಿಮೆಯಾದರೆ ಅದು ತನ್ನದನ್ನು ಕೊಟ್ಟು ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡನ್ನು ಸುಡುತ್ತದೆ. ಹೆಚ್ಚಾದರೆ ಮತ್ತೆ ತುಂಬಿಕೊಳ್ಳುತ್ತದೆ. ಸುಲಭವಾಗಿ ಕೊಡುವವನೇ ಸುಲಭವಾಗಿ ಪಡೆಯಬಲ್ಲನು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಸೀಸವು ಈ ಲೇಪಕ್ಕೆ ವಿಷ. ಸೀಸ ಬೆರೆತ ಪೆಟ್ರೋಲನ್ನು ಭಾರತದಲ್ಲಿ 2000ದಲ್ಲಿ ಪೂರ್ತಿಯಾಗಿ ನಿಲ್ಲಿಸಿದ್ದಕ್ಕೆ ಮಕ್ಕಳ ಆರೋಗ್ಯದೊಡನೆ ಇದೂ ಒಂದು ಕಾರಣ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮವು ಬಂದ ಮೇಲಂತೂ ಹೊಸ ವಾಹನಗಳಿಗೆಲ್ಲ ಇನ್ನೂ ಕಟ್ಟುನಿಟ್ಟಾದ ಶುದ್ಧಿ ವಿಧಿಯಾಗಿದೆ. ಹೆದ್ದಾರಿಯ ಪಕ್ಕದ ಶಾಲೆಗೆ ನಡೆದುಹೋಗುವ ಮಗುವಿನ ಉಸಿರು ನೂರರಲ್ಲಿ ಒಂದು ಪಾಲಿನ ಲೋಹವನ್ನೂ ಅವಲಂಬಿಸಿದೆ ಎಂದರೆ ಅತಿಶಯೋಕ್ತಿಯಲ್ಲ.

ಆದರೂ ಆಗಮಕ್ಕೊಂದು ಮಿತಿಯುಂಟು. ಬೆಲೆಬಾಳುವ ಲೋಹವನ್ನು ಇಮ್ಮಡಿಸಿದರೆ ಫಲವೂ ಇಮ್ಮಡಿಸುವುದಿಲ್ಲ. ಅದರ ಕಣಗಳೇ ಗುಂಪುಗೂಡಿ ಹೆಚ್ಚಿನ ಪಾಲು ಒಳಗೆ ಹುದುಗಿ ವ್ಯರ್ಥವಾಗುತ್ತದೆ. ಅಲ್ಯೂಮಿನವು ಮಿತಿ ಮೀರಿದರೆ ಕಬ್ಬಿಣವು ಅಪಕರ್ಷಣಕ್ಕೆ ಒಲಿಯದೆ ಹಟ ಹಿಡಿಯುತ್ತದೆ. ಹೊಲದಲ್ಲಿಯೂ ಹಾಗೆಯೇ. ಯೂರಿಯಾವನ್ನು ಹಿಡಿಯ ಬದಲು ಬುಟ್ಟಿಯಿಂದ ಸುರಿದರೆ ಬೆಳೆ ಸೊಕ್ಕಿ ಮಲಗುತ್ತದೆ, ಕೀಟಗಳು ಮುತ್ತುತ್ತವೆ, ಭೂಮಿಯ ಸತ್ವ ಕುಂದುತ್ತದೆ. ಕಾಲುವೆಯ ನೀರನ್ನು ಅತಿಯಾಗಿ ಹರಿಸಿ ಸವಳು ಹತ್ತಿದ ಹೊಲಗಳನ್ನು ಮಲಪ್ರಭೆಯ ನಾಡಿನವರು ಕಣ್ಣಾರೆ ಕಂಡಿದ್ದಾರೆ. ಅತಿಯಾದರೆ ಅಮೃತವೂ ವಿಷವೆಂಬ ನಾಣ್ಣುಡಿ ಪ್ರಯೋಗಶಾಲೆಗೂ ಹೊಲಕ್ಕೂ ಒಂದೇ.

ಇಷ್ಟೆಲ್ಲವನ್ನೂ ಕನ್ನಡದಲ್ಲಿ ಹೇಳಬಹುದೆ ಎಂಬುದು ಶಿಕ್ಷಕರ ಮುಂದಿರುವ ನಿಜವಾದ ಪ್ರಶ್ನೆ. ವಿಜ್ಞಾನಕ್ಕೆ ಕನ್ನಡ ಸಾಲದೆಂದು ಹೇಳಿ, ಹೊಂಗಲ-ರಾಮದುರ್ಗಗಳ ಮಕ್ಕಳಿಗೆ ಅರ್ಥವಾಗದ ಶಬ್ದಗಳನ್ನು ಗಟ್ಟಿ ಮಾಡಿಸುವುದು ಒಂದು ದಾರಿ. ಉತ್ಕರ್ಷಣ-ಅಪಕರ್ಷಣಗಳೆಂಬ ಶಬ್ದಗಳನ್ನೂ ಬೇರು ಬಿಡಿಸದೆ ಕಂಠಪಾಠ ಮಾಡಿಸಿದರೆ ಅದೂ ಪರಭಾಷೆಯಷ್ಟೇ ದೂರವಾಗುತ್ತದೆ. ಕನ್ನಡದ ಪಾಠದಲ್ಲಿ ಲೋಪಾಗಮಾದೇಶಗಳನ್ನು ಕಲಿತ ಹುಡುಗಿಗೆ ರಸಾಯನಶಾಸ್ತ್ರದ ಪಾಠದಲ್ಲಿ ಅವೇ ಮೂರು ವ್ಯಾಪಾರಗಳು ಕಂಡರೆ, ಅಜ್ಜಿಯ ತಪೇಲಿಯ ಕಲಾಯಿ ನೆನಪಾದರೆ, ಆ ಪಾಠವನ್ನು ಅವಳು ಪರೀಕ್ಷೆಯ ಮರುದಿನ ಮರೆಯಲಾರಳು. ಇದಕ್ಕೆ ವಿಜ್ಞಾನದ ಗುರುಗಳೂ ಭಾಷೆಯ ಗುರುಗಳೂ ಒಂದೇ ಜಗಲಿಯಲ್ಲಿ ಕುಳಿತು ಮಾತಾಡಬೇಕು. ಹೆಗ್ಡೆಯವರು ಪಲ್ಲಾಡಿಯಮ್ಮಿನ ಕೆಲಸವನ್ನು ಮುಗಿಸಿ ವಿಶ್ರಾಂತಿಗೆ ಸರಿಯದೆ, ಚಳ್ಳಕೆರೆಯ ಬಳಿಯ ಕುದಾಪುರದಲ್ಲಿರುವ ವಿಜ್ಞಾನ ಸಂಸ್ಥೆಯ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರಿನಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ತರಬೇತಿಯನ್ನು ಕೊಡಿಸುವ ಕಾರ್ಯವನ್ನು ಕಟ್ಟಿ ಬೆಳೆಸಿದರು. ಸೀರಿಯಂ ಆಕ್ಸೈಡಿಗೆ ಮಾಡಿದ್ದನ್ನೇ ಅವರು ಶಾಲೆಗಳಿಗೂ ಮಾಡಿದರೆಂದು ಹೇಳಬಹುದು.

ಶಾಲೆಯೆಂಬುದು ಬಹುಜನರಿಂದ ಕಟ್ಟಿದ ಮಿಶ್ರಣ. ಅದರಲ್ಲಿ ಅಲ್ಯೂಮಿನದಂಥವರುಂಟು, ಆತುರದ ಮಗುವನ್ನು ತಡೆದು, ಅಕ್ಷರ ತಿದ್ದಿಸಿ, ನಿಧಾನವಾಗಿ ಗಟ್ಟಿಗೊಳಿಸುವವರು. ಅವರ ಬೆಲೆ ಬಾಳಿಕೆಯಲ್ಲಿ ಗೊತ್ತಾಗುತ್ತದೆ. ಪ್ಲಾಟಿನಮ್ಮಿನಂಥವರೂ ಉಂಟು, ಮೊದಲು ತಾವು ಕಲಿತು, ಕಲಿತದ್ದನ್ನು ನೆರೆಯವರೆಗೆ ಹರಿಯಿಸುವವರು. ತಡೆಯುವವರು ಮಾತ್ರವಿದ್ದರೆ ಶಾಲೆ ಜಡವಾದೀತು. ಮುಂದೊಯ್ಯುವವರು ಮಾತ್ರವಿದ್ದರೆ ಬೇಗನೆ ಬೆಂದು ಗಡ್ಡೆಗಟ್ಟೀತು. ಇನ್ನು ದಾನಿಗಳ ವಿಚಾರ. ತಮ್ಮ ಕಾಣಿಕೆ ಕಿರಿದೆಂದು ಹಿಂಜರಿಯುವವರು ನೂರರಲ್ಲಿ ಒಂದು ಪಾಲಿನ ಪಲ್ಲಾಡಿಯಮ್ಮನ್ನು ನೆನೆಯಬಹುದು. ಪ್ರಮಾಣಕ್ಕಿಂತ ಅದು ಸೇರಿದ ಎಡೆ ಮುಖ್ಯ. ಒಂದು ಪ್ರಯೋಗಶಾಲೆಗೆ ಕೊಟ್ಟ ಹತ್ತು ಪ್ರನಾಳಗಳು, ಒಂದು ಬರ್ನರು, ಒಂದು ಕನ್ನಡ ವಿಜ್ಞಾನಕೋಶ ಕಟ್ಟಡದ ಮೇಲಿನ ಹೆಸರಿಗಿಂತ ಮಿಗಿಲಾದ ಕೆಲಸವನ್ನು ಮಾಡಬಲ್ಲವು.

ಅಪಕರ್ಷಣವೆಂಬ ಶಬ್ದಕ್ಕೆ ಅಂಟಿದ್ದ ಕೀಳು ಅರ್ಥದ ತುಕ್ಕನ್ನು ಒರೆಸಿದ್ದಾಯಿತು. ಬೇಡವಾದುದನ್ನು ಎಳೆದು ತೆಗೆದು ಇದ್ದುದನ್ನು ಇದ್ದಂತೆ ಹೊಳೆಯಿಸುವುದೇ ವಿದ್ಯೆಯ ಕೆಲಸವೂ ಆಗಿದೆ. ಮಲಪ್ರಭೆಯ ನೀರುಂಡು ಬೆಳೆಯುವ ಮಕ್ಕಳಲ್ಲಿ ಯಾರೋ ಒಬ್ಬರು ನಾಳೆ ಇನ್ನೂ ಅಗ್ಗವಾದ, ಇನ್ನೂ ಸುಲಭವಾದ ಸಹಾಯಕ ಲೋಹವನ್ನು ಕಂಡುಹಿಡಿದು, ಅದಕ್ಕೆ ಕನ್ನಡದಲ್ಲಿಯೇ ಹೆಸರಿಡಲಿ.